ಯಾರನ್ನೂ ನಂಬದ ನರ್ಸಬಾಯಿ

ಕಳೆದ ವಾರ ಮಗಳು ನನ್ನ ಮೊಣಕಾಲಿಗೆ ತಿಕ್ಕಲೆಂದು ಔಡಲೆಣ್ಣೆಯ, ಅದೇ ಹರಳೆಣ್ಣೆಯ, ಬಾಟಲಿ ತಂದಳು. ಮುಚ್ಚಳ ತೆಗೆದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದೆ. "ಹಚ್ಚಾಕ ತಂದೇನವ್ವಾ, ಕುಡಿಸಾಕಲ್ಲ" ಎಂದು ನಕ್ಕಳು. ಅವಳಿಗೇನು ಗೊತ್ತು. ಆ ಜಿಡ್ಡು ವಾಸನೆ, ಬೆಚ್ಚಗಿನ ಹಾಲಿನಲ್ಲಿ ಕಲಸಿದಾಗ ಇನ್ನಷ್ಟು ಹೊಟ್ಟೆ ತೊಳಸುವ ವಾಸನೆ, ನನ್ನನ್ನು ಶಿಗ್ಗಾಂವದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಕಬ್ಬಿಣದ ಮಂಚಕ್ಕೆ ಒಯ್ದು ಮಲಗಿಸಿಬಿಟ್ಟಿತು. ಮಂಚದ ಪಕ್ಕದಲ್ಲಿ ಅವರು ನಿಂತಿದ್ದರು, ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡು, ನಾನು ಹೇಳಿದ ಒಂದು ಮಾತನ್ನೂ ನಂಬದೆ...

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮವರು ಶಿಗ್ಗಾಂವದ ಒಂದು ಜೋಳ, ಹತ್ತಿಯ ಅಡತಿ ಅಂಗಡಿಯಲ್ಲಿ ಕಾರಕೂನರಾಗಿದ್ದರು. ನಾವು ಬಾಡಿಗೆಗಿದ್ದ ಓಣಿಯ ಕೊನೆಗೇ ಆ ಆಸ್ಪತ್ರೆ. ನಾಲ್ಕು ಮಂಚ, ಒಬ್ಬ ಆಯಾ, ಒಬ್ಬರು ನರ್ಸಬಾಯಿ. ಡಾಕ್ಟರಬಾಯಿ ಹುಬ್ಬಳ್ಳಿಯಿಂದ ಮಂಗಳವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದರು. ಉಳಿದ ದಿನವೆಲ್ಲ ನರ್ಸಬಾಯಿಯದೇ ದರಬಾರು.

ಬಡಕಲು ಮೈ, ಬಿಳಿ ಸೀರೆ, ಎಡಗೈಗೆ ಗಂಡಸರ ಗಡಿಯಾರ. ಯಾರ ಮಾತನ್ನೂ ಅವರು ನಂಬುತ್ತಿರಲಿಲ್ಲ. ಜ್ವರ ಇಲ್ಲ ಎಂದರೆ ಕುತ್ತಿಗೆಗೆ ಕೈ ಹಚ್ಚಿ ನೋಡುವರು. ಗುಳಿಗೆ ನುಂಗಿದೆ ಎಂದರೆ ದಿಂಬು ಎತ್ತಿ ನೋಡುವರು. ಸಂತೆಯಲ್ಲಿ ಚವಳಿಕಾಯಿ ಕೊಂಡರೆ ಅರ್ಧ ಬುಟ್ಟಿ ಮುರಿದು ನೋಡಿಯೇ ಕೊಳ್ಳುವರು, ಮಾರುವವಳು ಬೈದರೂ ಸೈ. ಬಸ್ಸು ಬಂತೆಂದು ಆಯಾ ಓಡಿ ಬಂದು ಹೇಳಿದರೂ ತಾವೇ ರಸ್ತೆಗೆ ಹೋಗಿ ನಿಂತು ಧೂಳು ಕಂಡ ಮೇಲೆಯೇ ಡಾಕ್ಟರಬಾಯಿಗೆ ಚಹಾ ಇಡಿಸುವರು. ಓಣಿಯ ಹೆಂಗಸರಿಗೆ ಅವರೆಂದರೆ ಅಷ್ಟಕ್ಕಷ್ಟೆ. ನನಗೂ ಅಷ್ಟೆ.

ನನಗೆ ಅದು ಎರಡನೆಯ ಬಸಿರು. ಮೊದಲನೆಯದು ಅಬಲೂರಿನ ತವರುಮನೆಯಲ್ಲಿ ಆಗಿತ್ತು. ದಿನ ತುಂಬಿದರೂ ನೋವು ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಅವ್ವ ಕಾದಳು. ಮನೆತುಂಬ ಜನ ಬಂದು ನೋಡಿ, ಇನ್ನೂ ಹಡೆದಿಲ್ಲವೇ ಎಂದು ಕೇಳಿ ಹೋದರು. ಒಂದು ಬೆಳಿಗ್ಗೆ ಕೂಸು ಹೊರಳುವುದು ನಿಂತಿತು. ಆಮೇಲೆ ನೋವು ಬಂತು, ಹಡೆದೆ, ಆದರೆ ಅಳುವ ಸದ್ದು ಕೇಳಲಿಲ್ಲ. ಗಂಡು ಕೂಸಂತೆ. ನನಗೆ ತೋರಿಸಲಿಲ್ಲ.

ಮಂದಿಯ ಕಣ್ಣು ಬಿದ್ದೇ ಹೀಗಾಯಿತೆಂದು ಅವ್ವ ಗಟ್ಟಿಮಾಡಿಕೊಂಡಳು. ಹಾಗಾಗಿ ಎರಡನೆಯ ಸಲ ನಾನು ತವರಿಗೆ ಹೋಗಲಿಲ್ಲ, ಅವಳೇ ಶಿಗ್ಗಾಂವಕ್ಕೆ ಬಂದು ನಮ್ಮಲ್ಲಿ ನಿಂತಳು. ಬಂದವಳೇ ಓಣಿಯವರಿಗೆ ದೀಪಾವಳಿ ಆದ ಮೇಲೆ ಮಗಳು ಮುಟ್ಟಿನ ನೀರು ಹಾಕಿಕೊಂಡಿಲ್ಲ ಎಂದು ಹೇಳಿದಳು. ಬಸಿರಿನ ದಿನ ಕಡಿಮೆ ಮಾಡಿಯೇ ಹೇಳುವುದು ನಮ್ಮ ಕಡೆಯ ರೂಢಿ. ಹೆರಿಗೆಯ ದಿನ ಎಷ್ಟು ಜನಕ್ಕೆ ಗೊತ್ತಿರುತ್ತದೋ ನೋವು ಅಷ್ಟು ಹೊತ್ತು ಜಗ್ಗುತ್ತದೆ ಎಂದು ನಂಬಿದವರು ನಾವು. ಅದರಲ್ಲಿ ನನಗೇನೂ ವಿಚಿತ್ರ ಅನಿಸಲಿಲ್ಲ.

ವಿಚಿತ್ರ ಅನಿಸಿದ್ದು ನರ್ಸಬಾಯಿ ಮನೆಗೆ ಬಂದ ದಿನ. ಕಡೆಯ ಸಲ ಹೊರಗೆ ಕೂತದ್ದು ಯಾವಾಗ ಎಂದು ಅವರು ನನ್ನನ್ನು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅವ್ವ, ಗಣೇಶನ ಚೌತಿಗೆ ಮುಂಚೆ, ಎಂದುಬಿಟ್ಟಳು. ತಿಂಗಳಿಗೆ ಮೂರು ದಿನ ಹಿತ್ತಲಲ್ಲಿ ಹೊರಗೆ ಕೂರುವ ಪದ್ಧತಿ ಆಗ ನಮ್ಮ ಮನೆಯಲ್ಲಿತ್ತು, ಹಾಗಾಗಿ ಅದು ಯಾರೂ ಮರೆಯುವ ಲೆಕ್ಕವಲ್ಲ. ನನಗೆ ನೆನಪಿದ್ದದ್ದು ಸೀಗಿಹುಣ್ಣಿಮೆ. ಹಿರೇಬೆಂಡಿಗೇರಿಯ ನಮ್ಮ ಭಾವನ ಮನೆಗೆ ಹಬ್ಬಕ್ಕೆ ಹೋಗಿದ್ದೆವು. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ ನಾನೊಬ್ಬಳೇ ಹಿತ್ತಲಲ್ಲಿ ಕೂತು ಹೋಳಿಗೆಗೆ ಕಾದಿದ್ದೆ. ಚೌತಿಗೂ ಸೀಗಿಹುಣ್ಣಿಮೆಗೂ ಒಂದು ತಿಂಗಳ ಮೇಲೆಯೇ ಅಂತರ. ದೃಷ್ಟಿಗೆ ಹೆದರಿದವಳು ತಿಂಗಳು ಕಡಿಮೆ ಹೇಳಬೇಕಲ್ಲ, ಹೆಚ್ಚು ಹೇಳುವುದೇಕೆ? ಕೇಳಿದರೆ ಅವ್ವ, ನಿನಗೆ ನೆನಪಿಲ್ಲ, ಸುಮ್ಮನಿರು ಎಂದು ಒಲೆಯ ಕಡೆ ತಿರುಗಿದಳು. ಒಂದು ಬಸಿರಿಗೆ ಮೂರು ಹಬ್ಬಗಳಾದವು. ಓಣಿಗೆ ಒಂದು, ಆಸ್ಪತ್ರೆಗೆ ಒಂದು, ನನ್ನ ತಲೆಯೊಳಗೆ ಒಂದು. ದಿನಾ ಅವ್ವನ ಮಾತು ಕೇಳಿ ಕೇಳಿ ಕಡೆಗೆ ನನ್ನ ಹುಣ್ಣಿಮೆಯ ಮೇಲೆ ನನಗೇ ಸಂಶಯ ಬರತೊಡಗಿತು.

ಕಾರಹುಣ್ಣಿಮೆ ಆದ ಮೇಲಿನ ಮಂಗಳವಾರ ಡಾಕ್ಟರಬಾಯಿ ನನ್ನ ಹೊಟ್ಟೆ ನೋಡಿದರು. ಲೆಕ್ಕದ ಪ್ರಕಾರ ದಿನ ತುಂಬಿದೆ, ಮೊದಲನೆಯದು ಹಾಗಾಗಿರುವುದರಿಂದ ಸುಮ್ಮನೆ ಕೂರುವುದು ಬೇಡ, ಬರುವ ಮಂಗಳವಾರ ನೋವು ನಾವೇ ತರಿಸೋಣ ಎಂದರು. ಅಂಗಡಿಯಿಂದ ಸಾಮಾನು ತರಿಸಿದ ಹಾಗೆ ಹೇಳಿದರು. ಬೆಳಿಗ್ಗೆ ಔಡಲೆಣ್ಣೆ, ಆಮೇಲೆ ಎನಿಮಾ, ಬಿಸಿನೀರಿನ ಸ್ನಾನ. ಅಷ್ಟಕ್ಕೂ ಬಾರದಿದ್ದರೆ ಅವರೇ ನೀರಿನ ಚೀಲ ಒಡೆಯುವರು. ಅವ್ವನ ಮುಖ ಅರಳಿತು. ನರ್ಸಬಾಯಿ ಮಾತ್ರ ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತಿದ್ದರು.

ಆ ಒಂದು ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ನೋವು ತಾನಾಗಿ ಬರುವುದಾದರೆ ಅದಕ್ಕೆ ಹೆದರಲು ಹೊತ್ತು ಸಿಗುವುದಿಲ್ಲ. ದಿನ ಗೊತ್ತುಮಾಡಿ ಕರೆದರೆ ಆ ದಿನ ಬರುವ ತನಕ ಹೆದರುತ್ತಲೇ ಇರಬೇಕು. ಮಂಗಳವಾರ ಆಗಿಬರುವ ದಿನವಲ್ಲ, ಅದೂ ಮಣ್ಣೆತ್ತಿನ ಅಮಾವಾಸ್ಯೆಯ ಸುತ್ತಿನದು. ಇದು ಕೂಸಿಗೆ ಬೇಕಾದ ದಿನವೋ, ಡಾಕ್ಟರಬಾಯಿಯ ಬಸ್ಸಿಗೆ ಬೇಕಾದ ದಿನವೋ? ನಮ್ಮವರು ಎಂದೂ ಇಲ್ಲದವರು ಮೆತ್ತಗೆ ಮಾತಾಡತೊಡಗಿದರು. ಡಾಕ್ಟರಬಾಯಿ ಇವರಿಗೆ ಬೇರೆ ಏನೋ ಹೇಳಿರಬೇಕು ಅನಿಸಿತು. ಅವ್ವ ಮತ್ತು ಅವರು ಪಡಸಾಲೆಯಲ್ಲಿ ಪಿಸುಗುಟ್ಟಿದರೆ ಕಿವಿ ನಿಮಿರುತ್ತಿತ್ತು. ಹೋಗಿ ನೋಡಿದರೆ ಜೋಳದ ಮಾತು.

ಓಣಿಯವರಿಗೆ ಸವಣೂರಿನ ಬೀಗರ ಮನೆಗೆ ಹೋಗುತ್ತೇವೆ ಎಂದು ಹೇಳಿ, ಸೋಮವಾರ ಮಧ್ಯಾಹ್ನ ಹಿಂದಿನ ಸಂದಿಯಿಂದ ಆಸ್ಪತ್ರೆಗೆ ಹೋದೆವು. ಓಣಿಯ ಈ ತುದಿಯಿಂದ ಆ ತುದಿಗೆ! ನನ್ನ ಪಕ್ಕದ ಮಂಚದಲ್ಲಿ ಬಂಕಾಪುರದ ಒಬ್ಬ ಬಾಣಂತಿ ಇದ್ದಳು. ಆ ಎಣ್ಣೆ ಕುಡಿದರೆ ಕರುಳೇ ಕಿತ್ತು ಬಂದ ಹಾಗಾಗುತ್ತದೆ ಎಂದು ಬಹಳ ಅಕ್ಕರೆಯಿಂದ ಹೇಳಿದಳು. ಆಮೇಲೆ ಆಯಾ ಚಹಾ ತಂದಳು. ಇದರಲ್ಲೇ ಎಣ್ಣೆ ಹಾಕಿ ಕೊಟ್ಟಿದ್ದರೆ? ಮೂಸಿ ನೋಡಿದೆ, ತಿಳಿಯಲಿಲ್ಲ. ಅವ್ವನಿಗೆ ಮೊದಲು ಕುಡಿಸಿ, ಅವಳ ಮುಖ ನೋಡಿ, ಆಮೇಲೆ ಕುಡಿದೆ. ಬಾಗಿಲಲ್ಲಿ ನಿಂತಿದ್ದ ನರ್ಸಬಾಯಿ ಅದನ್ನೆಲ್ಲ ನೋಡಿದರು. ಅವರ ಮುಖದಲ್ಲಿ ಮೆಚ್ಚಿಗೆಯಂಥದೇನೋ ಕಂಡಿತು.

ಆದರೆ ಅವರು ಅವ್ವನನ್ನು ಮತ್ತೆ ಮತ್ತೆ ಹೊರಗೆ ಕಳಿಸುತ್ತಿದ್ದರು. ಒಮ್ಮೆ ಹಳೆ ಬಟ್ಟೆ ತನ್ನಿ ಎಂದು, ಒಮ್ಮೆ ಹಾಲು ತನ್ನಿ ಎಂದು. ಅವ್ವ ಇಲ್ಲದಾಗ ಬಂದು ಹೊಟ್ಟೆಯ ಮೇಲೆ ಗೇಣು ಇಟ್ಟು ಅಳೆಯುವರು, ಕೂಸಿನ ಎದೆಬಡಿತ ಕೇಳಲು ಮರದ ಕೊಳವೆ ಊರಿ ಕಿವಿ ಹಚ್ಚುವರು, ಏನೂ ಹೇಳದೆ ಹೋಗುವರು. ಕೂಸಿಗೆ ಏನೋ ಆಗಿದೆ, ಇವರು ಮುಚ್ಚಿಡುತ್ತಿದ್ದಾರೆ ಎಂದು ನಾನು ಬೆವತೆ. ಮೂರನೆಯ ಸಲ ಬಂದಾಗ ಮಂಚದ ಅಂಚಿಗೆ ಕೂತರು.

"ನಿಮ್ಮವ್ವ ಹೇಳಿದ್ದು ಬಿಡು. ನೀ ಹೇಳು. ಕಡೀಕ ಹೊರಗ ಕುಂತದ್ದು ಯಾವಾಗ?"

ಖರೆ ಹೇಳಿದರೆ ಇವರು ಮನೆಗೆ ಕಳಿಸುವರು, ಮತ್ತೆ ಕಾಯಬೇಕು. ಕಾಯುವುದು ಎಂದರೇನೆಂದು ನಾನು ಅಬಲೂರಿನಲ್ಲಿ ಕಂಡಿದ್ದೆ. ಸುಳ್ಳು ಹೇಳಿದರೆ ನಾಳೆ ಎಣ್ಣೆ ಕುಡಿದು, ಇನ್ನೂ ಬಲಿಯದ ಕೂಸನ್ನು ಹೊರಗೆ ಎಳೆಸಿಕೊಳ್ಳಬೇಕು. ಎರಡು ಕಡೆಯೂ ಸಾವೇ ಕಂಡಿತು. ಆ ಹೊತ್ತಿಗೆ ಕೂಸು ಒಳಗೆ ಒಮ್ಮೆ ಹೊರಳಿತು, ನಿಧಾನವಾಗಿ, ನಿದ್ದೆಯಲ್ಲಿ ಮಗ್ಗಲು ಬದಲಿಸಿದ ಹಾಗೆ.

"ಸೀಗಿಹುಣ್ಣಿವಿಗೆರಿ," ಎಂದೆ. "ಎಲ್ಲಾರೂ ಹೊಲಕ್ಕ ಹೋಗಿದ್ರು, ನಾ ಒಬ್ಬಾಕೀನ ಹಿತ್ತಲದಾಗ ಕುಂತಿದ್ನಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಸೆರಗು ಕೊಡವಿದರು.

"ನಾಳೆ ಎಣ್ಣಿ ಅಂದ್ರ ಇವತ್ತ ಎಲ್ಲಾರಿಗೂ ಹೊಸಾ ತಿಥಿ ನೆನಪಾಗತಾವ."

ಅಷ್ಟೇ ಹೇಳಿ ಹೋಗಿಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವ್ವನ ಸುಳ್ಳನ್ನು ಡಾಕ್ಟರಬಾಯಿ ನಂಬಿದ್ದರು, ನನ್ನ ಖರೆಯನ್ನು ಇವರು ನಂಬಲಿಲ್ಲ. ಎಣ್ಣೆಗೆ ಹೆದರಿ ಕತೆ ಕಟ್ಟುವ ಹೆಂಗಸರನ್ನು ಎಷ್ಟು ಜನ ನೋಡಿದ್ದರೋ, ನನ್ನನ್ನೂ ಅದೇ ಸಾಲಿಗೆ ಸೇರಿಸಿದರು. ಬಂಕಾಪುರದವಳ ಕಡೆ ಬೆನ್ನು ಮಾಡಿ ಅತ್ತೆ. ಇನ್ನು ನನ್ನ ಕೈಯಲ್ಲಿ ಏನೂ ಉಳಿದಿಲ್ಲ ಅನಿಸಿತು.

ಅವ್ವ ಹಾಲಿನ ತಂಬಿಗೆ ಹಿಡಿದು ಬಂದಾಗ ಅವಳ ಹಿಂದೆಯೇ ನರ್ಸಬಾಯಿಯೂ ಬಂದರು. ನನ್ನ ಮಾತನ್ನು ಅವರು ನಂಬಿರಲಿಲ್ಲ, ಆದರೆ ಬಿಟ್ಟೂ ಇರಲಿಲ್ಲ. ಅವ್ವನನ್ನು ಮತ್ತೆ ಕೇಳಿದರು. ಅವ್ವ ಕಣ್ಣು ಮಿಟುಕಿಸದೆ ಚೌತಿ ಎಂದಳು. ನರ್ಸಬಾಯಿ ನನ್ನ ಹೊಟ್ಟೆಯ ಮೇಲಿನ ಹೊದಿಕೆ ಸರಿಸಿದರು.

"ಮಗಳ ಹೊಟ್ಟಿ ಮ್ಯಾಲ ಕೈ ಇಟ್ಟು ಹೇಳ್ರಿ."

ಅವ್ವ ತಂಬಿಗೆ ಕೆಳಗಿಟ್ಟಳು. ಕೈ ಮುಂದೆ ಮಾಡಿದಳು. ಹೊಟ್ಟೆಯ ಮೇಲೆ ಬಂದ ಕೈ ಅಲ್ಲೇ ನಿಂತಿತು, ಕೆಳಗೆ ಇಳಿಯಲಿಲ್ಲ. ಕಡೆಗೆ ಅವಳು ಆ ಕೈಯನ್ನು ತನ್ನ ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಸಿದು ಕೂತಳು.

"ಹೋದ ಸಲ ಕಾದ್ನಿ ಬಾಯಾರ. ಕಾದು ಕಾದು ಕೂಸು ಹೊಟ್ಟ್ಯಾಗ ಹೋತು. ಇನ್ನೊಮ್ಮಿ ಕಾಯೂದು ನನ್ನ ಕೈಲೆ ಆಗೂದಿಲ್ಲರಿ."

ನನಗೆ ಆಗ ತಿಳಿಯಿತು. ಓಣಿಗೆ ಕಡಿಮೆ ಹೇಳಿದ್ದು ಕಣ್ಣಿಗೆ ಹೆದರಿ, ಆಸ್ಪತ್ರೆಗೆ ಹೆಚ್ಚು ಹೇಳಿದ್ದು ಕಾಯುವುದಕ್ಕೆ ಹೆದರಿ. ಅವ್ವ ಅಷ್ಟು ದಿನ ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನಿಸಿತು. ನರ್ಸಬಾಯಿ ಬೈದಾರು ಎಂದು ಕಾದೆ. ಅವರು ಬೈಯಲಿಲ್ಲ. ನೆಲದ ಮೇಲಿದ್ದ ತಂಬಿಗೆಯನ್ನು ಎತ್ತಿ ಕಿಟಕಿಯಲ್ಲಿಟ್ಟರು.

"ನೀವು ಕಾಯಬ್ಯಾಡ್ರಿ," ಎಂದರು. "ನಾ ಕಾಯತೇನಿ."

ಮರುದಿನ ಡಾಕ್ಟರಬಾಯಿ ಬಂದು, ಎಲ್ಲ ಕೇಳಿ, ಮತ್ತೊಮ್ಮೆ ಪರೀಕ್ಷೆ ಮಾಡಿ, ಇನ್ನೂ ಹೊತ್ತಿದೆ ಎಂದು ಒಪ್ಪಿದರು. ನಾವು ಮನೆಗೆ ಬಂದೆವು. ಸವಣೂರಿನಿಂದ ಇಷ್ಟು ಬೇಗ ಬಂದಿರಾ ಎಂದು ಓಣಿಯವರು ಕೇಳಿದ್ದಕ್ಕೆ ಅವ್ವ ಏನು ಹೇಳಿದಳೋ ನೆನಪಿಲ್ಲ... ಏನು ಹೇಳಿದ್ದರೂ ನಡೆಯುತ್ತಿರಲಿಲ್ಲ. ಯಾಕೆಂದರೆ ಮಾರನೆಯ ದಿನದಿಂದ ನರ್ಸಬಾಯಿ ದಿನಾ ಕೊಡೆ ಹಿಡಿದು ನಮ್ಮ ಮನೆಗೆ ಬರತೊಡಗಿದರು. ಅವ್ವ ಜೋಪಾನ ಮಾಡಿದ್ದ ಗುಟ್ಟೆಲ್ಲ ಓಣಿಯ ಪಾಲಾಯಿತು.

ಬಂದವರು ಹೆಚ್ಚು ಮಾತಾಡುತ್ತಿರಲಿಲ್ಲ. ಕೂಸು ಹೊರಳುತ್ತದೆಯೇ ಎಂದು ನನ್ನನ್ನು ಕೇಳುವರು, ಹೌದೆಂದರೆ ತಲೆ ಆಡಿಸುವರು, ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಾವೇ ಕಾಯುತ್ತ ಕೂರುವರು. ಹೊರಳಿದ್ದು ಕೈಗೆ ತಿಳಿದ ಮೇಲೆಯೇ ಏಳುವರು. ಅಡಿಗೆಮನೆಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದು ನಾನು ಏನು ಉಂಡೆ ಎಂದು ನೋಡುವರು. ಅವರು ಹೋದದ್ದೇ ತಡ ಅವ್ವ ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕುತ್ತಿದ್ದಳು. ಒಂದು ದಿನ ಅವರು ಮರೆತ ಕೊಡೆಗೆಂದು ತಿರುಗಿ ಬಂದು, ಹೊಗೆಯಲ್ಲಿ ಕೆಮ್ಮುತ್ತ ನಿಂತರು. ಮೂಗಿಗೆ ಸೆರಗು ಹಿಡಿದು, ಘಾಟು ಇಷ್ಟು ಬರಬೇಕಾದರೆ ಮೆಣಸಿನಕಾಯಿ ಬ್ಯಾಡಗಿಯದಲ್ಲ, ಯಾರೋ ಮೋಸ ಮಾಡಿದ್ದಾರೆ ಎಂದು ಹೇಳಿ ಹೋದರು.

ಅವರ ಬಗ್ಗೆ ಓಣಿಯಲ್ಲಿ ಒಂದು ಮಾತಿತ್ತು. ಹಿಂದೆ ಇನ್ನೊಂದು ಊರಿನಲ್ಲಿದ್ದಾಗ ಯಾರದೋ ಮಾತು ನಂಬಿ ಎಣ್ಣೆ ಕುಡಿಸಿದ್ದರಂತೆ, ಕೂಸು ಬಲಿತಿರಲಿಲ್ಲವಂತೆ, ಉಳಿಯಲಿಲ್ಲವಂತೆ... ಒಂದು ದಿನ ಧೈರ್ಯ ಮಾಡಿ ಅವರನ್ನೇ ಕೇಳಿದೆ. ಕೊಳವೆಯನ್ನು ಸೆರಗಿನಿಂದ ಒರೆಸುತ್ತ, ಮಂದಿ ಹೇಳಿದ್ದೆಲ್ಲ ನಂಬುತ್ತೀಯೇನು ಎಂದರು. ಇವತ್ತಿಗೂ ನನಗೆ ಗೊತ್ತಿಲ್ಲ.

ನಾಗರ ಅಮಾವಾಸ್ಯೆ ಬಂತು. ನನ್ನ ನಿಜವಾದ ದಿನ ತುಂಬಿತು. ಪಂಚಮಿಯೂ ಬಂತು, ಓಣಿಯ ಹುಡುಗಿಯರು ಜೋಕಾಲಿ ಆಡಿದರು, ನೋವಿನ ಸುಳಿವಿಲ್ಲ. ಅವ್ವ ಮತ್ತೆ ಅಬಲೂರಿನ ಆ ದಿನಗಳ ಮುಖ ಹೊತ್ತುಕೊಂಡು ತಿರುಗಾಡತೊಡಗಿದಳು. ನರ್ಸಬಾಯಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರತೊಡಗಿದರು. ಕಡೆಗೆ ಡಾಕ್ಟರಬಾಯಿ ಮತ್ತೊಂದು ಮಂಗಳವಾರ ಗೊತ್ತುಮಾಡಿದರು.

ಈ ಸಲ ನಾನು ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ವಾರ ನನಗೆ ನಿದ್ದೆ ಬಂತು. ಯಾಕೆಂದು ಆಗ ತಿಳಿದಿರಲಿಲ್ಲ. ಸಂಶಯ ಪಡುವ ಕೆಲಸವನ್ನೆಲ್ಲ ಅವರು ವಹಿಸಿಕೊಂಡಿದ್ದರು. ನನ್ನ ಮಾತು, ಅವ್ವನ ಮಾತು, ಡಾಕ್ಟರಬಾಯಿಯ ಲೆಕ್ಕ, ನಮ್ಮವರು ತಂದ ಹಾಲು, ಒಂದನ್ನೂ ಬಿಡದೆ ಅವರು ಕೆದಕಿ ನೋಡಿದ್ದರು. ನನಗೆ ಸಂಶಯ ಪಡಲು ಏನೂ ಉಳಿದಿರಲಿಲ್ಲ. ನಂಬಿಗಸ್ತ ಜನ ಹತ್ತು ಮಂದಿ ಬಂದು ಧೈರ್ಯ ಹೇಳಿದ್ದರೂ ನನಗೆ ಆ ನೆಮ್ಮದಿ ಬರುತ್ತಿರಲಿಲ್ಲ.

ಮಂಗಳವಾರ ನಸುಕಿನಲ್ಲಿ ಹಾಲಿನಲ್ಲಿ ಕಲಸಿದ ಎಣ್ಣೆಯ ಬಟ್ಟಲು ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಕುಡಿದೆ. ಬಾಯಿ ತೆರೆ ಎಂದು, ನಾಲಿಗೆಯ ಕೆಳಗೂ ನೋಡಿದರು. ನನಗೆ ನಗು ಬಂತು, ಆ ನಗುವಿನ ನಡುವೆಯೇ ವಾಂತಿ ಬರುವ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ನೋವು ಹಿಡಿಯಿತು. ಆ ನೋವಿನ ಮಾತು ಬರೆಯುವುದು ಬೇಡ, ಕಂಡವರಿಗೆ ಗೊತ್ತು. ಡಾಕ್ಟರಬಾಯಿ ಸಂಜೆಯ ಬಸ್ಸು ಬಿಟ್ಟು ಉಳಿದರು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಹುಟ್ಟಿದ್ದೇ ಆಸ್ಪತ್ರೆಯ ಹೆಂಚು ಹಾರುವ ಹಾಗೆ ಅತ್ತಿತು. ನರ್ಸಬಾಯಿ ಮಾತ್ರ ಅದರ ಎದೆಗೆ ಕಿವಿ ಹಚ್ಚಿಕೊಂಡು ಅಲ್ಲಾಡದೆ ಬಗ್ಗಿದ್ದರು. ಅಷ್ಟು ಜೋರಾಗಿ ಅಳುತ್ತಿದೆಯಲ್ಲ, ಇನ್ನೇನು ನೋಡುವುದು ಎಂದು ಅವ್ವ ಕೇಳಿದರೆ, ತಲೆ ಎತ್ತದೆ ಕೈಯಿಂದಲೇ ಸುಮ್ಮನಿರಲು ಹೇಳಿದರು. ಅವರು ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿದ್ದವು. ಬೆವರು ಎಂದು ಒರೆಸಿಕೊಂಡರು.

ಕೂಸು ಅಂಬೆಗಾಲಿಡುವ ಮೊದಲೇ ಅವರಿಗೆ ಸವಣೂರಿಗೆ ವರ್ಗವಾಯಿತು. ಹೋಗುವಾಗ ಯಾರಿಗೂ ಹೇಳಲಿಲ್ಲ. ಮುಂದೆ ನಮ್ಮವರೂ ಹಾನಗಲ್ಲಿನ ಅಂಗಡಿಗೆ ಸೇರಿದ್ದರಿಂದ ನಾವೂ ಆ ಓಣಿ ಬಿಟ್ಟೆವು. ಒಮ್ಮೆ ಮಗಳನ್ನು ಕರೆದೊಯ್ದು ಅವರಿಗೆ ತೋರಿಸಬೇಕೆಂದು ಪ್ರತಿವರ್ಷ ಅಂದುಕೊಳ್ಳುವುದು, ಏನಾದರೊಂದು ಅಡ್ಡ ಬರುವುದು. ಮತ್ತೆರಡು ಮಕ್ಕಳಾದವು. ಅವ್ವ ಕಾಯಿಲೆ ಬಿದ್ದಳು... ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಒಂದು ಮದುವೆಯ ನೆಪದಲ್ಲಿ ಸವಣೂರಿಗೆ ಹೋದೆ. ಅವಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಹೊಸ ಪರಕಾರ ಉಡಿಸಿ, ಆಸ್ಪತ್ರೆಗೆ ಕರೆದುಕೊಂಡು ನಡೆದೆ.

ಅಲ್ಲಿನ ಆಯಾ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಹೋದ ಮಳೆಗಾಲದಲ್ಲೇ ಅವರು ಹೋಗಿಬಿಟ್ಟಿದ್ದರು. ವಿಷಮಜ್ವರವಂತೆ. ಕಡೆಯ ತನಕ ನೋಡಿಕೊಂಡವಳು ಆ ಆಯಾಳೇ.

"ಜ್ವರ ಇಳದೈತಿ ಬಾಯಾರ, ಇನ್ನ ಆರಾಮ ಆಗತೀರಿ ಅಂದ್ನಿರಿ. ನನ್ನ ಕೈ ಸರಿಸಿ, ತಮ್ಮ ನಾಡಿ ತಾವ ಹಿಡದು ನೋಡಿದ್ರು. ನಂಬಲಿಲ್ಲರಿ."

ಮಗಳು ನನ್ನ ಸೆರಗು ಜಗ್ಗಿ, ಯಾರವ್ವಾ ಅವರು ಎಂದು ಕೇಳಿದಳು. ನಮಗೆ ಅವರು ಏನಾಗಬೇಕೆಂದು ಹೇಳಲು ನನಗೆ ಒಂದು ಸಂಬಂಧದ ಹೆಸರೂ ಸಿಗಲಿಲ್ಲ. ಕಟ್ಟೆಯ ಮೇಲೆ ಕೂತು ಮಂದಿ ನೋಡುವ ಹಾಗೆ ಅತ್ತೆ.

ಮೊನ್ನೆ ಮೊಣಕಾಲು ತಿಕ್ಕಿಸಿಕೊಳ್ಳುತ್ತ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೂ ಈಗ ತಲೆ ನೆರೆತಿದೆ, ಮೊಮ್ಮಗನ ಹಿಂದೆ ಓಡಿ ಸುಸ್ತಾಗುತ್ತಾಳೆ. ಸವಣೂರಿನ ಆ ದಿನ ಅವಳಿಗೆ ಮಸುಕಾಗಿ ನೆನಪಿದೆಯಂತೆ, ನಾನು ಅತ್ತದ್ದು ಮಾತ್ರ. ಕೂಸು ಉಳಿದು ಬೆಳೆಯುತ್ತಿದೆ ಎಂದು ಅವರಿಗೆ ಯಾರಾದರೂ ತಿಳಿಸಿರಬೇಕಲ್ಲ ಎಂದು ಕೇಳಿದಳು. ತಿಳಿಸಿರಬಹುದು. ಶಿಗ್ಗಾಂವದಿಂದ ಸವಣೂರಿಗೆ ಹೋಗಿ ಬರುವವರು ಎಷ್ಟೋ ಜನ ಇದ್ದರು. ಆದರೆ ಯಾರು ಹೇಳಿದ್ದರೂ ಅವರು ನಂಬಿರುವುದಿಲ್ಲ. ಇವಳ ಎದೆಯ ಮೇಲೆ ಅವರು ತಾವೇ ಕೈ ಇಟ್ಟು ನೋಡಬೇಕಾಗಿತ್ತು. ಅದಕ್ಕೇ ನಾನು ಕರೆದುಕೊಂಡು ಹೋಗಿದ್ದೆ, ಒಂದು ಮಳೆಗಾಲ ತಡವಾಗಿ.